ಕಲಿಯುವವರ ಸಾಲ

ಈ ತಿಂಗಳ 18ರಂದು ಶುಭಸಂದೇಶಕಾರ ಸಂತ ಲೂಕರ ಹಬ್ಬ. ಸಂತ ಪೌಲರು ಕೊಲೊಸ್ಸೆಯ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಲೂಕರನ್ನು ವೈದ್ಯರೆಂದು ಹೆಸರಿಸಿದ್ದಾರೆ. ಆದ್ದರಿಂದ ವೈದ್ಯರು ಅವರನ್ನು ತಮ್ಮ ಪಾಲಕ ಸಂತರೆಂದು ನೆನೆಯುವುದು ರೂಢಿ. ಆ ದಿನದ ಪೂಜೆಯಲ್ಲಿ ನಾವು ವೈದ್ಯರಿಗಾಗಿ, ದಾದಿಯರಿಗಾಗಿ ಪ್ರಾರ್ಥಿಸುತ್ತೇವೆ. ವೈದ್ಯರಾಗಲು ಇನ್ನೂ ಓದುತ್ತಿರುವವರನ್ನು ಅಷ್ಟಾಗಿ ನೆನೆಯುವುದಿಲ್ಲ. ನೆನೆದರೂ ಪರೀಕ್ಷೆಯಲ್ಲಿ ಪಾಸಾಗಲಿ, ಒಳ್ಳೆಯ ಕಡೆ ಸೀಟು ಸಿಗಲಿ ಎಂದಷ್ಟೇ ಬೇಡುತ್ತೇವೆ. ಅವರಿಗೂ ಒಂದು ಕರ್ತವ್ಯವಿದೆಯೇ? ಇದ್ದರೆ ಅದು ಯಾರಿಗೆ ಸಲ್ಲಬೇಕಾದದ್ದು? ಸಾಮಾನ್ಯ ದಿನಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.

ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆ ಎರಡು ಕೆಲಸ ಮಾಡುತ್ತದೆ. ಇಂದಿನ ರೋಗಿಯನ್ನು ಗುಣಪಡಿಸುತ್ತದೆ. ನಾಳಿನ ರೋಗಿಯನ್ನು ಗುಣಪಡಿಸುವವರನ್ನು ತಯಾರು ಮಾಡುತ್ತದೆ. ಬೆಳಗಿನ ರೌಂಡ್ಸ್ ಹೊತ್ತಿಗೆ ಹಿರಿಯ ಡಾಕ್ಟರ ಹಿಂದೆ ಬಿಳಿ ಕೋಟು ತೊಟ್ಟ ಹತ್ತು ಹುಡುಗ ಹುಡುಗಿಯರು ಬಂದು ಒಂದು ಮಂಚದ ಸುತ್ತ ನಿಂತಾಗ ಈ ಎರಡೂ ಕೆಲಸ ಒಂದೇ ಆಗಿ ಕಾಣುತ್ತವೆ. ಅವುಗಳನ್ನು ಬೇರೆ ಬೇರೆಯಾಗಿ ನೋಡಬೇಕಾದರೆ ಆಸ್ಪತ್ರೆಯೇ ನಿಂತುಹೋಗುವಂಥ ವಿಪತ್ತು ಬರಬೇಕು. ಅಂಥ ವಿಪತ್ತು ಅಮೆರಿಕದ ಎರಡು ನಗರಗಳಲ್ಲಿ ಬಂದಿತ್ತು. ಅಲ್ಲಿ ಏನಾಯಿತೆಂದು ನೋಡಿದರೆ ನಮ್ಮ ಪ್ರಶ್ನೆ ಸ್ವಲ್ಪ ಸ್ಪಷ್ಟವಾಗುತ್ತದೆ.

ಎರಡು ನಗರ, ಎರಡು ಚಂಡಮಾರುತ

ನ್ಯೂ ಆರ್ಲಿಯನ್ಸ್ ನಗರದಲ್ಲಿ ಚಾರಿಟಿ ಎಂಬ ಹೆಸರಿನ ಬಡವರ ಆಸ್ಪತ್ರೆ ಇತ್ತು. ಫ್ರೆಂಚರ ಆಡಳಿತ ಕಾಲದಲ್ಲಿ ಜಾನ್ ಲೂಯಿ ಎಂಬ ನಾವಿಕ, ಮುಂದೆ ದೋಣಿ ಕಟ್ಟುವ ಕೆಲಸ ಮಾಡುತ್ತಿದ್ದವನು, ಬಡರೋಗಿಗಳ ಆಸ್ಪತ್ರೆಗೆಂದು ತನ್ನ ಆಸ್ತಿಯನ್ನು ಉಯಿಲಿನಲ್ಲಿ ಬರೆದಿಟ್ಟ. ಆ ಹಣದಿಂದ 1736ರಲ್ಲಿ ಅದು ಆರಂಭವಾಯಿತು. 1834ರಲ್ಲಿ ಸಂತ ಎಲಿಜಬೆತ್ ಆನ್ ಸೀಟನ್ ಸ್ಥಾಪಿಸಿದ ಸಭೆಯ ಧರ್ಮಭಗಿನಿಯರು ಅದರ ಸೇವೆಗೆ ಬಂದರು. ಅವರ ಸಭೆ 1850ರಲ್ಲಿ ಸಂತ ವಿನ್ಸೆಂಟ್ ದೆ ಪೌಲರ ಪುತ್ರಿಯರ ಸಭೆಯೊಡನೆ ಸೇರಿಕೊಂಡಿತು. ಅದೇ 1834ರಲ್ಲಿ ಆ ಊರಿನಲ್ಲಿ ಒಂದು ಮೆಡಿಕಲ್ ಕಾಲೇಜೂ ಹುಟ್ಟಿತು. ಇಂದಿನ ಟುಲೇನ್ ವಿಶ್ವವಿದ್ಯಾಲಯಕ್ಕೆ ಅದೇ ಮೂಲ. 1931ರಲ್ಲಿ ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು ಬಂತು. ಎರಡೂ ಕಾಲೇಜುಗಳ ವಿದ್ಯಾರ್ಥಿಗಳು ತಲೆಮಾರುಗಳಿಂದ ಕಲಿತದ್ದು ಚಾರಿಟಿಯ ಮಂಚಗಳ ಬಳಿ. ಅಲ್ಲಿ ಮಲಗುತ್ತಿದ್ದವರಲ್ಲಿ ಹೆಚ್ಚಿನವರು ಬಡವರು, ಕಪ್ಪು ಜನರು, ವಿಮೆ ಇಲ್ಲದವರು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂತು. ಗಾಳಿಗಿಂತ ಹೆಚ್ಚು ಹಾನಿ ಮಾಡಿದ್ದು ನೀರು. ತಡೆಗೋಡೆಗಳು ಒಡೆದು ನಗರದ ಶೇಕಡಾ 80ರಷ್ಟು ಭಾಗ ಮುಳುಗಿತು. ಚಾರಿಟಿಯಲ್ಲಿ ವಿದ್ಯುತ್ ಹೋಯಿತು, ಲಿಫ್ಟ್ ನಿಂತಿತು, ನಲ್ಲಿ ಬತ್ತಿತು. ಉಸಿರಾಟದ ಯಂತ್ರ ನಿಂತಾಗ ಡಾಕ್ಟರುಗಳೂ ದಾದಿಯರೂ ಸರದಿಯಲ್ಲಿ ಕೈಯಿಂದ ಚೀಲ ಒತ್ತುತ್ತ ರೋಗಿಗಳಿಗೆ ಉಸಿರು ಕೊಟ್ಟರು. ಹತ್ತಿರದಲ್ಲೇ ಇದ್ದ ಖಾಸಗಿ ಆಸ್ಪತ್ರೆಯ ಒಡೆಯರು ಬಾಡಿಗೆಗೆ ಹೆಲಿಕಾಪ್ಟರ್ ತರಿಸಿ ತಮ್ಮ ರೋಗಿಗಳನ್ನು ಸಾಗಿಸಿದರು. ಚಾರಿಟಿಯವರು ಸರ್ಕಾರದ ಸಹಾಯಕ್ಕಾಗಿ ಕಾಯಬೇಕಾಯಿತು. ಕೊನೆಯ ರೋಗಿಗಳು ಹೊರಬಂದದ್ದು ಸೆಪ್ಟೆಂಬರ್ 2ರಂದು.

ಏಳು ವರ್ಷಗಳ ನಂತರ, 2012ರ ಅಕ್ಟೋಬರ್ 29ರ ರಾತ್ರಿ, ಸ್ಯಾಂಡಿ ಚಂಡಮಾರುತದಿಂದ ಉಕ್ಕಿದ ನೀರು ನ್ಯೂಯಾರ್ಕ್ ನಗರಕ್ಕೆ ನುಗ್ಗಿತು. ಅಲ್ಲಿನ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳು ಮುಖ್ಯವಾಗಿ ಮೂರು ಆಸ್ಪತ್ರೆಗಳಲ್ಲಿ ಕಲಿಯುತ್ತಿದ್ದರು: ವಿಶ್ವವಿದ್ಯಾಲಯದ್ದೇ ಆದ ಟಿಶ್, ನಗರದ ಬಡವರ ಬೆಲ್ವ್ಯೂ, ಮಾಜಿ ಸೈನಿಕರ ಆಸ್ಪತ್ರೆ. ಮೂರೂ ಖಾಲಿಯಾದವು. ಟಿಶ್ ಆಸ್ಪತ್ರೆಯಿಂದ ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು ಆ ರಾತ್ರಿಯೇ ಮೆಟ್ಟಿಲಿನ ಮೂಲಕ ಇಳಿಸಿದರು. ಒಂಬತ್ತನೆಯ ಮಹಡಿಯಿಂದ ಇಪ್ಪತ್ತು ನವಜಾತ ಶಿಶುಗಳನ್ನು ದಾದಿಯರು ಎದೆಗವಚಿಕೊಂಡು ಇಳಿಸಿದರು. ಬೆಲ್ವ್ಯೂ ಆಸ್ಪತ್ರೆಯಲ್ಲಿ ಜನರೇಟರ್ ಹದಿಮೂರನೆಯ ಮಹಡಿಯಲ್ಲಿತ್ತು, ಆದರೆ ಅದಕ್ಕೆ ಇಂಧನ ಏರಿಸುವ ಪಂಪು ನೆಲಮಾಳಿಗೆಯಲ್ಲಿ ಮುಳುಗಿತ್ತು. ಜನ ಸಾಲಾಗಿ ಮೆಟ್ಟಿಲ ಮೇಲೆ ನಿಂತು ಇಂಧನವನ್ನು ಕೈಯಿಂದ ಕೈಗೆ ದಾಟಿಸಿ ಮೇಲೇರಿಸಿದರು. ಬೆಲ್ವ್ಯೂ ಹುಟ್ಟಿದ್ದೂ ಚಾರಿಟಿಯಂತೆ 1736ರಲ್ಲಿಯೇ.

ಇನ್ನು ವಿದ್ಯಾರ್ಥಿಗಳು. ಟುಲೇನ್‌ನ ನೂರಾರು ವಿದ್ಯಾರ್ಥಿಗಳನ್ನೂ ಅವರ ಅಧ್ಯಾಪಕರನ್ನೂ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಬೇಲರ್ ಮೆಡಿಕಲ್ ಕಾಲೇಜು ಬರಮಾಡಿಕೊಂಡಿತು. ಆ ಶೈಕ್ಷಣಿಕ ವರ್ಷವಿಡೀ ಅವರು ಅಲ್ಲಿಯೇ ಕಲಿತರು. ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬ್ಯಾಟನ್ ರೂಜ್ ನಗರಕ್ಕೆ ಹೋದರು. ಅಲ್ಲಿ ಬಾಡಿಗೆಗೆ ಮನೆ ಸಿಗದೆ, ಮಿಸಿಸಿಪ್ಪಿ ನದಿಯಲ್ಲಿ ಲಂಗರು ಹಾಕಿದ ಫಿನ್‌ಜೆಟ್ ಎಂಬ ಫಿನ್ಲೆಂಡಿನ ಹಡಗಿನಲ್ಲಿ ಅನೇಕ ವಿದ್ಯಾರ್ಥಿಗಳೂ ಅಧ್ಯಾಪಕರೂ ತಿಂಗಳುಗಟ್ಟಲೆ ವಾಸಮಾಡಿದರು. ಎರಡೂ ಕಡೆ ಸುಮಾರು ಒಂದು ತಿಂಗಳೊಳಗೆ ಪಾಠಗಳು ಮತ್ತೆ ಶುರುವಾದವು. ಪುಸ್ತಕ, ಬಟ್ಟೆಬರೆ, ಬಾಡಿಗೆ ಮನೆ ಎಲ್ಲವನ್ನೂ ನೀರಿಗೆ ಕಳೆದುಕೊಂಡು ಬಂದವರು ಮತ್ತೊಂದು ಊರಿನ ವಾರ್ಡಿನಲ್ಲಿ ಸ್ಟೆತೊಸ್ಕೋಪ್ ಹಿಡಿದು ನಿಂತರು.

ಉಳಿಯಬೇಕಿತ್ತೇ?

ಮೊದಲ ಪ್ರಶ್ನೆ ಇದು. ಊರು ಮುಳುಗುವಾಗ ವಿದ್ಯಾರ್ಥಿ ಆಸ್ಪತ್ರೆಯಲ್ಲೇ ಉಳಿಯಬೇಕೇ, ಹೋಗಿ ಎಂದಾಗ ಹೊರಡಬೇಕೇ? ಸಂತ ಯೊವಾನ್ನರ ಶುಭಸಂದೇಶದಲ್ಲಿ ಯೇಸುಸ್ವಾಮಿ ಕುರುಬನಿಗೂ ಕೂಲಿಯಾಳಿಗೂ ಇರುವ ವ್ಯತ್ಯಾಸ ಹೇಳುತ್ತಾರೆ. ತೋಳ ಬಂದಾಗ ಕೂಲಿಯಾಳು ಕುರಿಗಳನ್ನು ಬಿಟ್ಟು ಓಡುತ್ತಾನೆ. ವಿದ್ಯಾರ್ಥಿ ಇವರಿಬ್ಬರಲ್ಲಿ ಯಾರು? ಕುರಿಗಳು ಅವನವಲ್ಲ, ಆದ್ದರಿಂದ ಕುರುಬನಲ್ಲ. ಅವನಿಗೆ ಸಂಬಳವಿಲ್ಲ, ಬದಲಿಗೆ ಅವನೇ ಫೀಸು ಕಟ್ಟುತ್ತಾನೆ. ಆದ್ದರಿಂದ ಕೂಲಿಯಾಳೂ ಅಲ್ಲ.

ಹೊರಡುವುದೇ ಸರಿ ಎನ್ನುವವರ ಮಾತಿನಲ್ಲಿ ತೂಕವಿದೆ. ಔಷಧ ಬರೆದುಕೊಡುವ ಅಧಿಕಾರ ವಿದ್ಯಾರ್ಥಿಗಿಲ್ಲ. ಕುಡಿಯುವ ನೀರನ್ನು ಅಳೆದು ಕೊಡುವ ಕಡೆ ಅವನು ಇನ್ನೊಂದು ಬಾಯಿ. ಏನಾದರೂ ಆದರೆ ಅವನನ್ನು ಕಾಪಾಡುವ ಹೊಣೆಯೂ ದಣಿದ ವೈದ್ಯರ ಮೇಲೆಯೇ ಬೀಳುತ್ತದೆ. ಮಾಡಲಾಗದ್ದನ್ನು ಮಾಡಬೇಕೆಂಬ ಬಾಧ್ಯತೆ ಯಾರಿಗೂ ಇಲ್ಲವೆಂದು ಧರ್ಮಸಭೆಯ ನೀತಿಶಾಸ್ತ್ರ ಹಿಂದಿನಿಂದಲೂ ಹೇಳುತ್ತ ಬಂದಿದೆ. ಜೊತೆಗೆ, ವೀರನೆನಿಸಿಕೊಳ್ಳುವ ಆಸೆಗೂ ಸೇವೆಯ ಆಸೆಗೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಕೆಲವೊಮ್ಮೆ ಆಸೆಪಡುವವನಿಗೂ ಕಾಣುವುದಿಲ್ಲ.

ಆದರೆ ನ್ಯೂಯಾರ್ಕಿನ ಆ ಮೆಟ್ಟಿಲನ್ನು ನೆನೆದರೆ ಈ ವಾದ ಪೂರ್ತಿ ನಿಲ್ಲುವುದಿಲ್ಲ. ಅಂದು ರೋಗಿಗಳನ್ನು ಇಳಿಸಲು ಕೈಜೋಡಿಸಿದವರಲ್ಲಿ ವೈದ್ಯ ವಿದ್ಯಾರ್ಥಿಗಳೂ ಇದ್ದರು. ಕತ್ತಲೆಯಲ್ಲಿ ಟಾರ್ಚ್ ಹಿಡಿಯಲು, ಸ್ಟ್ರೆಚರ್‌ನ ಒಂದು ತುದಿ ಎತ್ತಲು, ಡ್ರಿಪ್ ಬಾಟಲಿ ಮೇಲೆತ್ತಿ ಹಿಡಿಯಲು ಡಿಗ್ರಿ ಬೇಕಿಲ್ಲ. ನಾನಿನ್ನೂ ವಿದ್ಯಾರ್ಥಿ ಎಂಬ ಉತ್ತರ ಔಷಧ ಬರೆಯುವ ವಿಷಯದಲ್ಲಿ ನಿಜ. ಹೊರುವ ವಿಷಯದಲ್ಲಿ ಅದು ನೆಪ.

ಹಾಗಾದರೆ ಕರ್ತವ್ಯವನ್ನು ಪದವಿಯಿಂದ ಅಳೆಯಲಾಗದು. ಅಳೆಯಬೇಕಾದದ್ದು ಮೂರು ಮಾತುಗಳಿಂದ: ಎದುರಿಗಿರುವವರಿಗೆ ಏನು ಬೇಕು, ನನ್ನಿಂದ ಏನಾಗುತ್ತದೆ, ನಾನು ಉಳಿದರೆ ಭಾರ ಕಡಿಮೆಯಾಗುತ್ತದೆಯೇ ಹೆಚ್ಚಾಗುತ್ತದೆಯೇ. ಈ ಮೂರಕ್ಕೂ ಪ್ರಾಮಾಣಿಕವಾಗಿ ಉತ್ತರಿಸಿ ಉಳಿದವರು ಸರಿ ಮಾಡಿದರು. ಪ್ರಾಮಾಣಿಕವಾಗಿ ಉತ್ತರಿಸಿ ಹೊರಟವರೂ ಸರಿಯನ್ನೇ ಮಾಡಿದರು. ಹೊರಟವರನ್ನು ಕೂಲಿಯಾಳೆಂದು ಕರೆಯುವ ಹಕ್ಕು ಮನೆಯಲ್ಲಿ ಕುಳಿತು ಟಿ.ವಿ. ನೋಡಿದ ನಮಗಿಲ್ಲ.

ಪಾಠದ ಚಿಂತೆ ಸ್ವಾರ್ಥವೇ?

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಸಾವಿರಾರು ಜನ ಮನೆ ಕಳೆದುಕೊಂಡಿರುವಾಗ ಒಬ್ಬ ವಿದ್ಯಾರ್ಥಿನಿ, "ನನ್ನ ಸರ್ಜರಿ ಪೋಸ್ಟಿಂಗ್ ಏನಾಗುತ್ತದೆ? ನನ್ನ ವರ್ಷ ಹಾಳಾಗುತ್ತದೆಯೇ?" ಎಂದು ಕೇಳಿದರೆ ನಮಗೆ ಕಿವಿಗೆ ಒಗ್ಗುವುದಿಲ್ಲ. ಹೆಣಗಳ ನಡುವೆ ಇವಳಿಗೆ ಹಾಜರಿಯ ಚಿಂತೆ ಎನಿಸುತ್ತದೆ.

ಆದರೆ ಆ ಚಿಂತೆಯಲ್ಲಿ ಸ್ವಾರ್ಥವೊಂದೇ ಇದೆಯೆಂದು ಹೇಳಲಾಗದು. ವೈದ್ಯವಿದ್ಯೆ ಪುಸ್ತಕದಿಂದ ಅರ್ಧ, ಕೈಯಿಂದ ಅರ್ಧ ಬರುವಂಥದ್ದು. ಹೊಟ್ಟೆ ಮುಟ್ಟಿ ನೋಡಿ ನೋವು ಎಲ್ಲಿದೆಯೆಂದು ತಿಳಿಯುವುದು, ಎದೆಗೆ ಕಿವಿಗೊಟ್ಟು ಯಾವ ಸದ್ದು ಸರಿ ಯಾವುದು ತಪ್ಪು ಎಂದು ಬೇರ್ಪಡಿಸುವುದು, ಹೆರಿಗೆಯಲ್ಲಿ ಯಾವಾಗ ಕಾಯಬೇಕು ಯಾವಾಗ ಕಾಯಬಾರದು ಎಂದು ಅರಿಯುವುದು, ಇವೆಲ್ಲ ಮಂಚದ ಬಳಿ ನಿಂತು ನಿಂತು ಬರಬೇಕು. ಮೂರು ತಿಂಗಳು ನಿಲ್ಲದಿದ್ದರೆ ಮೂರು ತಿಂಗಳಷ್ಟು ಕಡಿಮೆ ಬರುತ್ತದೆ. ಆ ಕೊರತೆಯ ಬೆಲೆ ತೆರುವವರು ವಿದ್ಯಾರ್ಥಿಯಲ್ಲ. ಹತ್ತು ವರ್ಷಗಳ ನಂತರ ಯಾವುದೋ ಊರಿನಲ್ಲಿ, ನಡುರಾತ್ರಿ, ಬೇರೆ ಡಾಕ್ಟರಿಲ್ಲದೆ ಅವರ ಬಳಿಗೇ ಬರುವ ಒಬ್ಬ ರೋಗಿ. ಆ ರೋಗಿಗೆ ಇನ್ನೂ ಹೆಸರಿಲ್ಲ, ಮುಖವಿಲ್ಲ. ಆದರೂ ಅವರಿಗೆ ಸಲ್ಲಬೇಕಾದದ್ದೊಂದಿದೆ. ಆದ್ದರಿಂದ ಹ್ಯೂಸ್ಟನ್‌ಗೂ ಬ್ಯಾಟನ್ ರೂಜ್‌ಗೂ ಹೋಗಿ ಪಾಠ ಮುಂದುವರಿಸಿದ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಊರಿಗೆ ಬೆನ್ನು ತಿರುಗಿಸಿದರೆಂದು ಹೇಳಲಾಗದು. ವಿಪತ್ತಿನ ಹೆಸರಿನಲ್ಲಿ ಅರೆಬರೆ ಕಲಿತು ಸರ್ಟಿಫಿಕೇಟ್ ಪಡೆದಿದ್ದರೆ ಅದೇ ದೊಡ್ಡ ತಪ್ಪಾಗುತ್ತಿತ್ತು.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಬರಮಾಡಿಕೊಂಡ ಕಾಲೇಜಿನ ವಿದ್ಯಾರ್ಥಿಗಳು. ಮಂಚಗಳು ಇದ್ದಷ್ಟೇ, ಕಲಿಯುವವರು ಹೆಚ್ಚು. ತಮ್ಮ ಪಾಲಿನ ಪಾಠದಲ್ಲಿ ಪರವೂರಿನವರಿಗೆ ಪಾಲು ಕೊಡಬೇಕು. ಊಟದಲ್ಲಿ ಪಾಲು ಕೊಡುವುದು ನಮಗೆ ಅರ್ಥವಾಗುತ್ತದೆ. ಅವಕಾಶದಲ್ಲಿ ಪಾಲು ಕೊಡುವುದು ಅದಕ್ಕಿಂತ ಕಷ್ಟ.

ಆದರೂ "ನಾಳಿನ ರೋಗಿ" ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕು. ಇಂದಿನ ರೋಗಿ ನರಳುತ್ತಾನೆ, ದೂರುತ್ತಾನೆ, ಬೈಯುತ್ತಾನೆ. ನಾಳಿನ ರೋಗಿ ತುಟಿ ಎರಡು ಮಾಡುವುದಿಲ್ಲ. ಬಾಯಿಲ್ಲದವನ ಹೆಸರಿನಲ್ಲಿ ನಾವು ಏನನ್ನು ಬೇಕಾದರೂ ಸಮರ್ಥಿಸಿಕೊಳ್ಳಬಹುದು. ವರ್ಷಗಟ್ಟಲೆ "ನಾನು ಕಲಿತ ಮೇಲೆ ಸೇವೆ ಮಾಡುತ್ತೇನೆ" ಎನ್ನುತ್ತ, ಕಲಿಯಲು ಮೈಕೊಟ್ಟವರನ್ನು ಒಮ್ಮೆಯೂ ತಿರುಗಿ ನೋಡದೆ ಇರಬಹುದು. ಇಲ್ಲಿಂದ ಮೂರನೆಯ ಪ್ರಶ್ನೆ ಹುಟ್ಟುತ್ತದೆ.

ಸಾಲ ಎಲ್ಲಿಂದ ಬಂತು?

ಆಸ್ಪತ್ರೆ ಮುಚ್ಚಿದಾಗ ವಿದ್ಯಾರ್ಥಿಗಳಿಗೆ ಒಂದು ತಿಂಗಳಲ್ಲಿ ಇನ್ನೊಂದು ಆಸ್ಪತ್ರೆ ಸಿಕ್ಕಿತು. ಅದೇ ಆಸ್ಪತ್ರೆಯ ಬಡವರಿಗೆ ಏನು ಸಿಕ್ಕಿತು? ಬೆಲ್ವ್ಯೂ 2013ರ ಫೆಬ್ರವರಿಯಲ್ಲಿ ಮತ್ತೆ ಪೂರ್ತಿ ತೆರೆಯಿತು. ಚಾರಿಟಿ ಮತ್ತೆ ತೆರೆಯಲೇ ಇಲ್ಲ. ಅದರ ವೈದ್ಯರು ಮೊದಲು ಡೇರೆಗಳಲ್ಲಿ, ಆಮೇಲೆ ಮುಚ್ಚಿದ್ದ ಒಂದು ದೊಡ್ಡ ಬಟ್ಟೆ ಅಂಗಡಿಯ ಕಟ್ಟಡದಲ್ಲಿ ರೋಗಿಗಳನ್ನು ನೋಡಿದರು. 2006ರ ನವೆಂಬರಿನಲ್ಲಿ ಸರ್ಕಾರದ ಇನ್ನೊಂದು ಕಟ್ಟಡ ತಾತ್ಕಾಲಿಕ ಆಸ್ಪತ್ರೆಯಾಗಿ ತೆರೆಯಿತು. ಚಾರಿಟಿಯ ಜಾಗ ತುಂಬುವ ಹೊಸ ಆಸ್ಪತ್ರೆ ಬಂದದ್ದು 2015ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. ಕತ್ರಿನಾ ಬಂದಾಗ ಓದುತ್ತಿದ್ದವರು ಪೂರ್ಣ ವೈದ್ಯರಾಗಿ ಎಲ್ಲೆಲ್ಲೋ ನೆಲೆಸಿದ್ದರು.

ಒಂದೇ ಮಂಚದ ಎರಡು ಬದಿಯಲ್ಲಿ ಇದ್ದವರು ಇವರು. ಒಬ್ಬರು ಮಲಗಿದ್ದರು, ಒಬ್ಬರು ನಿಂತಿದ್ದರು. ನಿಂತಿದ್ದವರಿಗೆ ಬೇರೆ ಮಂಚ ಸಿಕ್ಕಿತು, ಮಲಗಿದ್ದವರಿಗೆ ಸಿಗಲಿಲ್ಲ. ಇದರಲ್ಲಿ ವಿದ್ಯಾರ್ಥಿಯ ತಪ್ಪಿಲ್ಲ. ತಪ್ಪಿಲ್ಲವೆಂದ ಮಾತ್ರಕ್ಕೆ ಸಾಲವೂ ಇಲ್ಲವೇ?

ಸಾಲವಿಲ್ಲ ಎನ್ನುವವರು ಹೀಗೆ ಹೇಳಬಹುದು: ಆ ರೋಗಿಗಳಿಗೆ ಉಚಿತವಾಗಿ ಚಿಕಿತ್ಸೆ ಸಿಕ್ಕಿತು, ವಿದ್ಯಾರ್ಥಿಗಳಿಗೆ ಪಾಠ ಸಿಕ್ಕಿತು, ಲೆಕ್ಕ ಚುಕ್ತಾ. ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಇಬ್ಬರೂ ಒಪ್ಪಿ ಮಾಡಿಕೊಂಡ ವ್ಯಾಪಾರವಾದರೆ ಮಾತ್ರ ಲೆಕ್ಕ ಚುಕ್ತಾ ಆಗುತ್ತದೆ. ಕೈಯಲ್ಲಿ ಹಣವಿದ್ದವರು ಹತ್ತು ವಿದ್ಯಾರ್ಥಿಗಳ ಮುಂದೆ ಮೈ ತೋರಿಸುವ ಆಸ್ಪತ್ರೆಯನ್ನು ಸಾಮಾನ್ಯವಾಗಿ ಆರಿಸಿಕೊಳ್ಳುವುದಿಲ್ಲ. ಬಡವರಿಗೆ ಆರಿಸಿಕೊಳ್ಳಲು ಏನೂ ಇರಲಿಲ್ಲ. ಒಂದೇ ಬೆಳಿಗ್ಗೆ ನಾಲ್ಕು ಜನ ಬಂದು ಅದೇ ಹೊಟ್ಟೆಯನ್ನು ಒತ್ತಿ ನೋಡುವಾಗ, ಅದೇ ಕಥೆಯನ್ನು ನಾಲ್ಕನೆಯ ಸಲ ಹೇಳಿಸುವಾಗ, ಬೇಡ ಎನ್ನುವ ಧೈರ್ಯ ಬಡವನಿಗೆ ಎಲ್ಲಿಂದ ಬರಬೇಕು?

ಸಂತ ಥಾಮಸ್ ಅಕ್ವಿನಾಸರು ಕೃತಜ್ಞತೆಯನ್ನು ನ್ಯಾಯಕ್ಕೆ ಸಂಬಂಧಪಟ್ಟ ಸದ್ಗುಣವೆಂದು ಎಣಿಸುತ್ತಾರೆ. ಕಾನೂನು ಅದನ್ನು ವಸೂಲಿ ಮಾಡುವುದಿಲ್ಲ, ಆದರೂ ಅದು ತೀರಿಸಬೇಕಾದದ್ದೇ; ಸಾಧ್ಯವಾದರೆ ಪಡೆದದ್ದಕ್ಕಿಂತ ಹೆಚ್ಚಾಗಿ ತೀರಿಸಬೇಕಾದದ್ದು. ರೋಗಿ ಮನಸ್ಸಾರೆ ಕೊಟ್ಟಿದ್ದರೆ ವಿದ್ಯಾರ್ಥಿ ಕೃತಜ್ಞತೆಯಿಂದ ಸಾಲಗಾರ. ಬೇರೆ ದಾರಿಯಿಲ್ಲದೆ ಕೊಟ್ಟಿದ್ದರೆ ಸಾಲ ಹಗುರಾಗುವುದಿಲ್ಲ. ಆಗ ಅದು ಕೃತಜ್ಞತೆಯ ಮನೆ ದಾಟಿ ನೇರವಾಗಿ ನ್ಯಾಯದ ಮನೆಗೆ ಬರುತ್ತದೆ.

ಈ ಏರ್ಪಾಡನ್ನು ನಾನು ಮಾಡಿದ್ದಲ್ಲವಲ್ಲ ಎಂದು ವಿದ್ಯಾರ್ಥಿ ಕೇಳಬಹುದು. ಅದಕ್ಕೆ ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿಯೇ ಉತ್ತರವಿದೆ. ನಮ್ಮಲ್ಲಿ ಅನೇಕ ಮನೆಗಳಿಗೆ ನೀರು ಬರುವುದು ಸುರಂಗದಿಂದ. ಮುರಕಲ್ಲನ್ನು ಹಾರೆಯಿಂದ ಅಂಗುಲ ಅಂಗುಲ ಕಡಿದು ಗುಡ್ಡದ ಹೊಟ್ಟೆಯೊಳಗೆ ಹೋದವರು ಯಾರೋ. ಅವರಲ್ಲಿ ಎಷ್ಟೋ ಜನರ ಹೆಸರು ಇಂದು ಯಾರಿಗೂ ನೆನಪಿಲ್ಲ. ಸುರಂಗ ತೋಡಿಸಿದ್ದು ನಾವಲ್ಲ, ಕೂಲಿ ಎಷ್ಟೆಂದು ಗೊತ್ತುಮಾಡಿದ್ದೂ ನಾವಲ್ಲ. ಆದರೆ ದಿನವೂ ಕುಡಿಯುತ್ತಿರುವುದು ನಾವು. ಕುಡಿಯುವವನಿಗೆ ಸುರಂಗವನ್ನು ಹೂಳು ತುಂಬದಂತೆ ನೋಡಿಕೊಳ್ಳುವ, ಕೆಳಗಿನ ಮನೆಯವರಿಗೂ ನೀರು ಹರಿಯಬಿಡುವ ಹೊಣೆಯಿದೆ. ಪಡೆದವನು ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸಬೇಕಿಲ್ಲ. ಪಡೆದದ್ದನ್ನು ಮಾತ್ರ ತನ್ನ ಅಂಗಳದಲ್ಲೇ ತಡೆದು ನಿಲ್ಲಿಸಬಾರದು.

ಒಪ್ಪಿಸಿ ಹೋಗುವುದು

ತೀರಿಸುವುದು ಹೇಗೆ? ಸಂತ ಲೂಕರ ಶುಭಸಂದೇಶದಲ್ಲಿ ಮಾತ್ರ ಬರುವ ಒಂದು ಸಾಮತಿ ನಮ್ಮೆಲ್ಲರಿಗೂ ಗೊತ್ತು. ದರೋಡೆಗಾರರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಸಮಾರಿಯದವನೊಬ್ಬ ಎತ್ತಿಕೊಂಡು ಹೋದ ಕಥೆ. ಪ್ರಸಂಗಗಳಲ್ಲಿ ನಾವು ಹೆಚ್ಚಾಗಿ ಅವನು ನಿಂತದ್ದನ್ನು ಹೊಗಳುತ್ತೇವೆ. ಅವನು ಹೊರಟುಹೋದದ್ದನ್ನು ಗಮನಿಸುವುದು ಕಡಿಮೆ. ಅವನು ರೋಗಿಯ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂರಲಿಲ್ಲ. ಒಂದು ರಾತ್ರಿ ಆರೈಕೆ ಮಾಡಿ ಮಾರನೆಯ ದಿನ ತನ್ನ ಕೆಲಸಕ್ಕೆ ಹೊರಟ. ಯೇಸುಸ್ವಾಮಿ ಅದಕ್ಕಾಗಿ ಅವನನ್ನು ಆಕ್ಷೇಪಿಸಲಿಲ್ಲ. ಏಕೆಂದರೆ ಹೊರಡುವ ಮುನ್ನ ಅವನು ಮೂರು ಕೆಲಸ ಮಾಡಿದ: ಗಾಯಾಳುವನ್ನು ಛತ್ರದವನಿಗೆ ಒಪ್ಪಿಸಿದ, ಖರ್ಚಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ಹಿಂತಿರುಗಿ ಬಂದಾಗ ಉಳಿದದ್ದನ್ನು ಸಲ್ಲಿಸುತ್ತೇನೆ ಎಂದ.

ಯಾಜಕನೂ ಲೇವಿಯನೂ ಹೋದರು, ಸಮಾರಿಯದವನೂ ಹೋದ. ಅವರು ನೋಡಿಯೂ ಆಚೆ ಬದಿಯಿಂದ ಹಾಗೇ ಹೋದರು. ಇವನು ಒಪ್ಪಿಸಿ, ಮರಳಿ ಬರುವ ಮಾತು ಕೊಟ್ಟು ಹೋದ. ವಿಪತ್ತಿನಲ್ಲಿ ಆಸ್ಪತ್ರೆ ಬಿಟ್ಟುಹೋದ ವಿದ್ಯಾರ್ಥಿಗೆ ಈ ಸಾಮತಿ ಕೇಳುವ ಪ್ರಶ್ನೆಯೂ ಇದೇ: ಹೊರಡುವಾಗ ಯಾರಿಗೆ ಒಪ್ಪಿಸಿದೆ? ಮರಳಿ ಬರುವ ಮನಸ್ಸು ಇದೆಯೇ?

ನ್ಯೂ ಆರ್ಲಿಯನ್ಸಿನಲ್ಲಿ ಮರಳಿ ಬಂದವರು ಇದ್ದರು. ಟುಲೇನ್‌ನ ಕೆಲವು ವೈದ್ಯರು ಕವನೆಂಟ್ ಹೌಸ್ ಎಂಬ, ಬೀದಿಪಾಲಾದ ಯುವಕರ ಆಶ್ರಯಧಾಮದ ಬಳಿ ಬಡವರಿಗೆ ಚಿಕಿತ್ಸೆ ಆರಂಭಿಸಿದರು. ಆ ಚಿಕ್ಕ ಆರಂಭ ಮುಂದೆ ಕಾಯಂ ಚಿಕಿತ್ಸಾಲಯವಾಯಿತು. ದೊಡ್ಡ ಆಸ್ಪತ್ರೆ ಬರಲಿ ಎಂದು ಅವರು ಕಾದು ಕೂರಲಿಲ್ಲ. ಎಲ್ಲರೂ ಹೀಗೆ ಮರಳಲಿಲ್ಲ, ಎಲ್ಲರೂ ಮರಳಬೇಕೆಂದೂ ಇಲ್ಲ. ನ್ಯೂ ಆರ್ಲಿಯನ್ಸಿನ ಬಡವನಿಂದ ಕಲಿತವಳು ಬೇರೆ ರಾಜ್ಯದ ಬಡವನಿಗೆ ತೀರಿಸಿದರೂ ಸಾಲ ತೀರುತ್ತದೆ. ಯಾರಿಗೂ ತೀರಿಸದೆ, ಹಾಗೊಂದು ಸಾಲವಿದೆಯೆಂದೇ ಅರಿಯದೆ ಬಾಳುವುದು ಬೇರೆ ಮಾತು.

ನಮ್ಮ ದೇಶದ ಧರ್ಮಸಭೆಗೆ ಈ ವಿಚಾರ ಹೊಸದಲ್ಲ. ಭಾರತದ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂತ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದುವವರು ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುವುದಾಗಿ ಬಾಂಡ್ ಬರೆದುಕೊಡುತ್ತಾರೆ. ಇಂಥ ಬಾಂಡ್‌ಗಳನ್ನು ಎಷ್ಟೋ ಮನೆಗಳಲ್ಲಿ ತೊಂದರೆಯೆಂದೇ ಲೆಕ್ಕಹಾಕುತ್ತಾರೆ. ದಂಡ ಕಟ್ಟಿ ಬಿಡಿಸಿಕೊಂಡರಾಯಿತು ಎನ್ನುವವರೂ ಇದ್ದಾರೆ. ಸಮಾರಿಯದವನೂ ಹಣ ಕೊಟ್ಟನಲ್ಲವೇ ಎಂದು ಯಾರಾದರೂ ವಾದಿಸಬಹುದು. ಕೊಟ್ಟ, ನಿಜ. ಆದರೆ ಅವನು ಹಣ ಕೊಟ್ಟದ್ದು ಮರಳಿ ಬರುವವರೆಗಿನ ಖರ್ಚಿಗೆ. ಮರಳಿ ಬಾರದಿರುವುದಕ್ಕೆ ಕೊಟ್ಟ ಬೆಲೆ ಅದಾಗಿರಲಿಲ್ಲ.

ನಮ್ಮ ಗಡಿಯಲ್ಲಿ

ಚಂಡಮಾರುತ ಬರದಿದ್ದರೂ ಆಸ್ಪತ್ರೆಯ ಬಾಗಿಲು ಮುಚ್ಚಬಹುದೆಂದು ನಾವು ಕಣ್ಣಾರೆ ಕಂಡಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾ ಹರಡಬಾರದೆಂದು ಕರ್ನಾಟಕ ಸರ್ಕಾರ ತಲಪಾಡಿಯಲ್ಲಿ ಗಡಿ ಮುಚ್ಚಿತು. ಡಯಾಲಿಸಿಸ್‌ಗೆ, ಹೆರಿಗೆಗೆ, ಹೃದಯದ ಕಾಯಿಲೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಿಂದ ಹಿಂತಿರುಗಬೇಕಾಯಿತು. ಕೆಲವರು ತೀರಿಕೊಂಡರು. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅದೇ ದಿನಗಳಲ್ಲಿ ದೇಶದ ವೈದ್ಯ ವಿದ್ಯಾರ್ಥಿಗಳನ್ನು ಮನೆಗೆ ಕಳುಹಿಸಿ, ಪಾಠಗಳನ್ನು ಮೊಬೈಲಿನಲ್ಲಿ ನಡೆಸಲಾಯಿತು. ರೋಗದ ಭಯ ನಿಜವಾಗಿತ್ತು, ಮುಚ್ಚಿದವರಿಗೂ ಅವರವರ ಕಾರಣಗಳಿದ್ದವು. ಆ ಜಗಳವನ್ನು ಮತ್ತೆ ಕೆದಕುವುದು ಇಲ್ಲಿ ಉದ್ದೇಶವಲ್ಲ.

ಆದರೆ ಒಂದು ಮಾತು ಮರೆಯಬಾರದು. ಮಂಗಳೂರಿನ ಕಾಲೇಜು ಆಸ್ಪತ್ರೆಗಳಲ್ಲಿ ವರ್ಷಗಳಿಂದ ಕಲಿತು ಹೋದ ಡಾಕ್ಟರುಗಳಿಗೆ ಪಾಠವಾದ ಮೈಗಳಲ್ಲಿ ಮಂಜೇಶ್ವರದ, ಕುಂಬಳೆಯ, ಬದಿಯಡ್ಕದ ಮೈಗಳೂ ಇವೆ. ದೂರದ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೆ ನೋವು, ಬೇನೆ, ದೂಕ್, ವೇದನ ಎಂಬ ನಾಲ್ಕು ಮಾತನ್ನು ಕಲಿಸಿದವರು ಇಲ್ಲಿನ ಅಜ್ಜ ಅಜ್ಜಿಯಂದಿರೇ. ನಾಲ್ಕು ಭಾಷೆಯಲ್ಲೂ ಅದು ಒಂದೇ ನೋವು. ಹಾಗಾಗಿ ಕಲಿತವರ ಸಾಲಕ್ಕೆ ರಾಜ್ಯದ ಗಡಿಯಿಲ್ಲ, ಭಾಷೆಯ ಗಡಿಯಿಲ್ಲ. ಕೊಂಕಣಿ, ಕನ್ನಡ, ಮಲಯಾಳಂ ಪೂಜೆಗಳು ಒಂದೇ ಪೀಠದ ಮೇಲೆ ನಡೆಯುವ ಧರ್ಮಪ್ರಾಂತ್ಯದಲ್ಲಿರುವ ನಮಗೆ ಇದು ಅರ್ಥವಾಗದ ಮಾತೇನಲ್ಲ.

ಈಗ ನಮ್ಮ ಮನೆಗಳಿಂದಲೂ ಮಕ್ಕಳು ಎಂ.ಬಿ.ಬಿ.ಎಸ್.ಗೆ, ನರ್ಸಿಂಗ್‌ಗೆ ಹೋಗುತ್ತಿದ್ದಾರೆ. ನಿನ್ನೆಯವರೆಗೆ ಮಂಚದ ಮೇಲಿದ್ದ ಕುಟುಂಬದವರು ಇಂದು ಮಂಚದ ಪಕ್ಕದಲ್ಲಿ ನಿಲ್ಲುತ್ತಿದ್ದಾರೆ. ಸಂತೋಷದ ವಿಷಯ. ಅವರಿಗೆ ಚಂಡಮಾರುತ ಬರುವವರೆಗೆ ಕಾಯಬೇಕಿಲ್ಲ. ಮುಟ್ಟುವ ಮುನ್ನ "ನೋಡಬಹುದಾ ಅಮ್ಮ?" ಎಂದು ಕೇಳುವುದು, "ಬೇಡ ಮಗಾ" ಎಂದರೆ ಬೇಸರವಿಲ್ಲದೆ ಹಿಂದೆ ಸರಿಯುವುದು, ಹಾಸಿಗೆ ನಂಬರಿನಿಂದ ಕರೆಯದೆ ಹೆಸರಿನಿಂದ ಕರೆಯುವುದು, ಪೋಸ್ಟಿಂಗ್ ಮುಗಿಸಿ ಹೊರಡುವಾಗ ಮುಂದೆ ಬರುವವರಿಗೆ ಆ ರೋಗಿಯ ವಿಷಯ ಸರಿಯಾಗಿ ಹೇಳಿ ಒಪ್ಪಿಸುವುದು: ಸಾಲದ ಮೊದಲ ಕಂತು ಇಷ್ಟೇ. ದೊಡ್ಡ ಕಂತು ಕಟ್ಟುವ ದಿನ ಆಮೇಲೆ ಬರುತ್ತದೆ. ಚಿಕ್ಕ ಕಂತು ಕಟ್ಟಿ ಅಭ್ಯಾಸವಿದ್ದವರಿಗೆ ಆ ದಿನ ಮೆಟ್ಟಿಲಿನ ಬಳಿ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಮನೆಯವರಾದ ನಮ್ಮದೂ ಒಂದು ಪಾಲಿದೆ. ರಜೆಗೆ ಬಂದ ಮಗನನ್ನೋ ಮಗಳನ್ನೋ ನಾವು ಎಷ್ಟು ಮಾರ್ಕು, ಮುಂದೆ ಯಾವ ಸ್ಪೆಷಾಲಿಟಿ ಎಂದು ಕೇಳುತ್ತೇವೆ. ಅದರ ಜೊತೆಗೆ ಇನ್ನೊಂದು ಮಾತು ಕೇಳೋಣ: "ಈ ಸಲ ನೀನು ಯಾರಿಂದ ಕಲಿತೆ?" ಅವರು ಪ್ರೊಫೆಸರರ ಹೆಸರು ಹೇಳಿದರೆ, ರೋಗಿಯ ಹೆಸರನ್ನೂ ಕೇಳೋಣ. ಹೆಸರು ನೆನಪಿದ್ದರೆ, ಸಂತ ಲೂಕರ ಹಬ್ಬದ ಪೂಜೆಯಲ್ಲಿ ಆ ಹೆಸರಿಗಾಗಿಯೂ ಪ್ರಾರ್ಥಿಸೋಣ.